ಚೌಕ ರೊಟ್ಟಿಯ ಜೀವಕೋಶ

ನನಗೆ ಚಿತ್ರ ಬರೆಯಲು ಬರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಬರೆದ ಆಕಳನ್ನು ನೋಡಿ ಮನೆಯವರೆಲ್ಲ ಮಂಚ ಎಂದಿದ್ದರು. ಅಪ್ಪ ಮಾತ್ರ ಒಂದು ಕಾಲು ಗಿಡ್ಡಾಗಿದೆ, ಬಡಿಗನನ್ನು ಕರೆಸೋಣ ಎಂದರು. ಚಿತ್ರದ ವಿಷಯದಲ್ಲಿ ದೇವರು ನನಗೆ ಕೈ ಕೊಟ್ಟಿದ್ದ, ಆಡುಮಾತಿನ ಅರ್ಥದಲ್ಲಿ. ಹಾಗಾಗಿ ಎಪ್ಪತ್ತರ ದಶಕದಲ್ಲಿ, ಸಿಂದಗಿಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾಗ, ವಿಜ್ಞಾನದ ಮಾಸ್ತರರು "ಪ್ರಾಣಿಕೋಶ, ಸಸ್ಯಕೋಶ ಎರಡೂ ಮನಿಯಾಗಿನ ಸಾಮಾನಿನಿಂದ ನೀವ ಮಾಡಿಕೊಂಡು ಬರ್ರಿ. ಛಲೋ ಇದ್ದದ್ದು ಬಾಗೇವಾಡಿ ಪ್ರದರ್ಶನಕ್ಕ ಹೋಗತೈತಿ" ಎಂದಾಗ ಹೋದ ಜೀವ ಬಂದಂತಾಯಿತು. ಚಿತ್ರ ಬರೆಯಬೇಕಿಲ್ಲವಲ್ಲ.

ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತಿದ್ದ ಸಾಮಾನೆಂದರೆ ಜೋಳದ ರೊಟ್ಟಿ. ಅವ್ವ ಬಡಿದ ರೊಟ್ಟಿಯ ದುಂಡಿಗೆ ಓಣಿಯಲ್ಲೆಲ್ಲ ಹೆಸರು. ಒಂದು ಕಡಕ್ ರೊಟ್ಟಿಯ ನಡುವೆ ಅರ್ಧ ಉಳ್ಳಾಗಡ್ಡಿಯನ್ನು ಕೋಶಕೇಂದ್ರವೆಂದು ಕೂರಿಸಿ, ಸುತ್ತ ಶೇಂಗಾ ಅಂಟಿಸಿದೆ. ಪ್ರಾಣಿಕೋಶ ಮುಗಿಯಿತು. ಸಸ್ಯಕೋಶಕ್ಕೆ ಮಾತ್ರ ಪುಸ್ತಕದಲ್ಲಿ ಗೋಡೆಯಿತ್ತು, ನಾಲ್ಕು ಮೂಲೆಯಿತ್ತು.

"ಅವ್ವಾ, ಒಂದು ಚೌಕ ರೊಟ್ಟಿ ಬಡದು ಕೊಡು."

ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು. "ನನ್ನ ರೊಟ್ಟಿ ನೋಡೇ ನಿಮ್ಮಜ್ಜಿ ನನ್ನ ಸೊಸಿ ಮಾಡಿಕೊಂಡಾಳ. ಈಗ ಚೌಕ ಬಡದ್ರ ಮಂದಿ ಏನಂದಾರು?"

"ಇದು ವಿಜ್ಞಾನ ಐತಿ."

"ಹಂಗಾರ ವಿಜ್ಞಾನದವರಿಗೆ ರೊಟ್ಟಿ ಬಡಿಯಾಕ ಬರೂದಿಲ್ಲ."

ನಾನು ಅತ್ತೆ. ಅವ್ವ ಬಾಗಿಲು ಮುಚ್ಚಿ ಕೂತಳು. ಚೌಕ ಮಾಡಬೇಕೆಂದರೂ ಕೈ ತಾನಾಗಿಯೇ ತಿರುಗಿ ಮೂರು ರೊಟ್ಟಿ ದುಂಡಗಾದವು. ಅವನ್ನು ಪುಂಡಿಪಲ್ಯದ ಜೊತೆ ತಿಂದೆವು. ನಾಲ್ಕನೆಯದಕ್ಕೆ ಮೂಲೆ ಬಂತು. ಅದರ ಮೇಲೆ ಅರಿವೆ ಮುಚ್ಚುತ್ತ ಅವ್ವ, "ನಾ ಬಡದೇನಿ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದಳು. ನಾನು ಆಣೆ ಮಾಡಿದೆ.

ಹೆಸರುಕಾಳನ್ನು ಹಸಿರು ಕಣಗಳೆಂದು ಅಂಟಿಸಿ ಒಯ್ದೆ. ಮಾಸ್ತರರು ದುಂಡನೆಯದನ್ನು ಹಿಡಿದು, "ಇದನ್ನ ಯಾರು ಬಡದಾರ ತಂಗಿ?" ಎಂದರು.

"ನಮ್ಮವ್ವರಿ ಸರ್."

"ಮತ್ತ ಚೌಕಂದು?"

ಅವ್ವನ ಮಾನದ ಪ್ರಶ್ನೆ. "ನಾನ ಬಡದೇನ್ರಿ" ಎಂದುಬಿಟ್ಟೆ.

ಮಾಸ್ತರರಿಗೆ ಆನಂದವಾಯಿತು. "ಹಂಗಾರ ಬಾಗೇವಾಡಿಯೊಳಗ ಎಲ್ಲಾರ ಮುಂದ ಬಡದು ತೋರಸು."

ನಾನು ಅಲ್ಲಿಯವರೆಗೆ ರೊಟ್ಟಿ ತಿಂದಿದ್ದೆನೇ ಹೊರತು ಬಡಿದವಳಲ್ಲ. ಬಾಗೇವಾಡಿಯಲ್ಲಿ ಇಂಡಿ ತಾಲೂಕಿನವರು ಜೀವಕೋಶವೆಂದು ನಿಂಬೆಹಣ್ಣು ಕೊಯ್ದಿಟ್ಟಿದ್ದರು, ಮುದ್ದೇಬಿಹಾಳದವರು ಸಾಬೂನು ಕೆತ್ತಿ ತಂದಿದ್ದರು. ನನ್ನ ಮುಂದೆ ಹಿಟ್ಟು, ಸುತ್ತ ಜನ. ಬಡಿದೆ. ಒಂದು ತುದಿ ಬಿಜಾಪುರದ ಕಡೆ ಹೊರಟಿತು, ಇನ್ನೊಂದು ಆಲಮಟ್ಟಿಯ ಕಡೆ. ನಡುವೆ ಎರಡು ತೂತು. ನೋಡುತ್ತಿದ್ದ ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಾಸ್ತರರು ಗಂಟಲು ಸರಿಮಾಡಿಕೊಂಡರು. "ಇದು ಅಮೀಬಾ ಐತ್ರಿ. ಒಂದ ಕೋಶದ ಪ್ರಾಣಿ. ಇದಕ್ಕ ಇಂಥಾದ್ದ ಅಂತ ಆಕಾರ ಇರೂದಿಲ್ಲ."

ಪರೀಕ್ಷಕರು ಇಷ್ಟು ಸಹಜವಾದ ಅಮೀಬಾವನ್ನು ನೋಡೇ ಇಲ್ಲವೆಂದು ಮೊದಲ ಬಹುಮಾನ ಕೊಟ್ಟರು.

ಬಹುಮಾನದ ಕಾಗದ ಹಿಡಿದು ಮನೆಗೆ ಬಂದರೆ, ಸುದ್ದಿ ನನಗಿಂತ ಮೊದಲು ಬಂದಿತ್ತು. ಅವ್ವ ತಲೆಗೆ ಕೈಹಚ್ಚಿ ಕೂತಿದ್ದಳು. "ಚೌಕಂದು ನಾ ಬಡದದ್ದು ಅಂದಿದ್ರ ನಾ ಒಬ್ಬಾಕಿ ಕೆಡತಿದ್ದೆ. ಈಗ ಮಗಳಿಗೆ ಏನೂ ಕಲಿಸಿಲ್ಲ ಅಂತ ನಾಲ್ಕು ತಾಲೂಕಿಗೆ ಗೊತ್ತಾತು." ಆಮೇಲೆ ಹಿಟ್ಟಿನ ಪರಾತವನ್ನು ನನ್ನ ಮುಂದೆ ತಳ್ಳಿದಳು. "ಕುಂಡ್ರು. ಪ್ರಾಣಿಕೋಶ ಬರೂತನಕ ಏಳಬ್ಯಾಡ."

ಅಮೀಬಾದಿಂದ ಮೇಲೇರಲು ಜೀವಿಗಳಿಗೆ ಕೋಟಿಗಟ್ಟಲೆ ವರ್ಷ ಹಿಡಿಯಿತೆಂದು ಪುಸ್ತಕದಲ್ಲಿದೆ. ನನಗೆ ಮದುವೆಯಾಗಿ ಇನ್ನೂ ಮೂವತ್ತೇ ವರ್ಷವಾಗಿದೆ. ನನ್ನ ಗಂಡ ಸ್ವಲ್ಪ ತಾಳಬೇಕು.