ಕಣ್ಣು ಮುಚ್ಚಿ ನೋಡಿದ ಐಸ್ ಹಾಕಿ

...ಎಡಗೈಯೇ ಇರಬೇಕು. ಬಲಗೈ ನನ್ನ ತೋಳನ್ನು ಹಿಡಿದುಕೊಂಡಿತ್ತಲ್ಲ? ಆದರೆ ನಾನು ಅವರ ಬಲಕ್ಕೆ ಕೂತಿದ್ದೆನೋ ಎಡಕ್ಕೋ ಎಂದು ಯಾರಾದರೂ ಅಡ್ಡಪ್ರಶ್ನೆ ಹಾಕಿದರೆ ನನ್ನ ಸಾಕ್ಷ್ಯ ಅಲ್ಲೇ ಕುಸಿಯುತ್ತದೆ. ಮೊನ್ನೆ ಮೊನ್ನೆಯ ಸಂಗತಿಯೇ ಹೀಗೆ ಕೈ ಬದಲಿಸಿದರೆ, ಬಾಲ್ಯವನ್ನು ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದಿಡುವವರು ಅದು ಹೇಗೆ ಬರೆಯುತ್ತಾರೋ! ಇರಲಿ. ಕೈ ಯಾವುದಾದರೂ ಆಗಲಿ, ಅದು ಕಣ್ಣಿನ ಮೇಲಿತ್ತು. ನನ್ನ ದೊಡ್ಡಮ್ಮನಷ್ಟು ಐಸ್ ಹಾಕಿ ಪಂದ್ಯಗಳಿಗೆ ಹೋಗಿ, ಅವರಷ್ಟು ಕಡಿಮೆ ಐಸ್ ಹಾಕಿ ನೋಡಿದವರು ಇಡೀ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬರಿಲ್ಲ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಹುಟ್ಟಿದ್ದು ಉಡುಪಿಯಲ್ಲಿ, ಸಂಸಾರ ಮಾಡಿದ್ದು ಸ್ಯಾನ್ ಡಿಯಾಗೋದಲ್ಲಿ. ದೊಡ್ಡಪ್ಪ ಅದೇ ಊರಿನ ಲಾ ಹೋಯಾ ಬಡಾವಣೆಯಲ್ಲಿ ಸಮುದ್ರ ಸಂಶೋಧನೆ ಮಾಡಿ ನಿವೃತ್ತರಾದವರು. ಐಸ್ ಎಂದರೆ ಅವರಿಗೆ ಧ್ರುವಪ್ರದೇಶದಲ್ಲಿ ಕರಗುತ್ತಿರುವ ಒಂದು ಪದಾರ್ಥ. ಅದರ ಮೇಲೆ ಕೋಲು ಹಿಡಿದು ಓಡುವುದು ಶುದ್ಧ ಅವಿವೇಕ. ನಾನು ಅದೇ ಲಾ ಹೋಯಾಕ್ಕೆ ಓದಲು ಬಂದವಳು. ಶನಿವಾರ ಬಂತೆಂದರೆ ದೊಡ್ಡಮ್ಮನ ಮನೆಯಲ್ಲಿ ಹಾಜರು. ನನ್ನ ಸಂಶೋಧನೆ ಮುಂದುವರಿದಿದ್ದರೆ ಅದಕ್ಕೆ ಅವರ ಮನೆಯ ನೀರುದೋಸೆಯೇ ಕಾರಣ.

ತನ್ನ ಕಣ್ಣು ಒಳ್ಳೆಯದಲ್ಲ ಎಂಬುದು ದೊಡ್ಡಮ್ಮನ ಅಚಲ ನಂಬಿಕೆ. ಬೇರೆಯವರ ದೃಷ್ಟಿ ತನಗೆ ತಾಗುತ್ತದೆಂದು ಹೆದರುವವರನ್ನು ನೀವು ನೋಡಿರುತ್ತೀರಿ. ಇವರದು ಉಲ್ಟಾ! ತಾನು ಮೆಚ್ಚಿ ನೋಡಿದರೆ ಆ ವಸ್ತುವಿಗೆ ಉಳಿಗಾಲವಿಲ್ಲ. ಇದಕ್ಕೆ ಪುರಾವೆಗಳೂ ಇವೆ. ಪಕ್ಕದ ಮನೆಯ ನಿಂಬೆಗಿಡವನ್ನು "ಎಷ್ಟು ಚಂದ ಬಿಟ್ಟಿದೆ" ಎಂದರು, ಗಿಡ ಒಣಗಿತು. ಮಗಳ ಹೊಸ ಕಾರನ್ನು ಹೊಗಳಿದರು, ಮನೆಯ ಗೇಟಿನ ಹತ್ತಿರವೇ ಅದು ಕಂಬಕ್ಕೆ ಮುತ್ತಿಟ್ಟಿತು. ಈಗ ವಾಲ್‌ನಟ್ ಎಂಬ ಊರಿನಲ್ಲಿರುವ ಆ ಮಗಳು ಫೋನಿನಲ್ಲಿ, "ಅಮ್ಮಾ, ದಟ್ ವಾಸ್ ಮೈ ಡ್ರೈವಿಂಗ್!" ಎಂದು ಎಷ್ಟು ಸಲ ತಪ್ಪೊಪ್ಪಿಕೊಂಡರೂ ದೊಡ್ಡಮ್ಮ ಆ ಗೌರವವನ್ನು ಬಿಟ್ಟುಕೊಡುವುದಿಲ್ಲ.

ಹಾಗಾಗಿ ಅವರು ಕಂಡುಕೊಂಡ ದಾರಿ, ಇಷ್ಟವಾದದ್ದನ್ನೆಲ್ಲ ಬೈಯುವುದು. ತೊಟ್ಟಿಲ ಮಗುವನ್ನು ಕಂಡರೆ "ಅಯ್ಯೋ, ಎಂತ ಮೂತಿ!" ಸೊಸೆಯಾಗಿ ಬಂದವಳನ್ನು ಕಂಡರೆ "ಸೀರೆ ಉಡ್ಲಿಕ್ಕೂ ಬರುದಿಲ್ಲ." ಅವರು ಯಾರನ್ನಾದರೂ ಬೈಯಲಿಲ್ಲ ಎಂದರೆ ಆ ವ್ಯಕ್ತಿ ಚಿಂತಿಸಬೇಕು.

ಮಾಸ್ಕ್ ಇನ್ನೂ ಜನರ ಗಲ್ಲಕ್ಕೆ ನೇತಾಡುತ್ತಿದ್ದ ದಿನಗಳಲ್ಲಿ, ಮಗಳು ಬಿಟ್ಟುಹೋದ ಕೋಣೆಗೆ ಬಾಡಿಗೆಗೆ ಬಂದವನು ಆ ಜೆಕ್ ಹುಡುಗ. ಹುಡುಗ ಎಂದೆನೆ? ಬಾಗಿಲಿಗೆ ತಲೆ ತಾಗಿಸಿಕೊಂಡೇ ಒಳಗೆ ಬಂದ ಆಸಾಮಿ, ಮೂವತ್ತರ ಹತ್ತಿರ. ಸ್ಯಾನ್ ಡಿಯಾಗೋದ ಕೆಳಹಂತದ ತಂಡದಲ್ಲಿ ವೃತ್ತಿಪರ ಐಸ್ ಹಾಕಿ ಆಟಗಾರ. ಲಾಸ್ ಏಂಜಲೀಸ್ ಕಡೆ ಇದಕ್ಕೊಂದು ಮೇಲಿನ ತಂಡ. ಅಲ್ಲಿ ಯಾರಿಗಾದರೂ ಪೆಟ್ಟಾದರೆ ಇಲ್ಲಿಂದ ಒಬ್ಬನಿಗೆ ಕರೆ ಹೋಗುತ್ತದೆ, ಅವನು ಆ ಕ್ಷಣವೇ ಹೊರಡಬೇಕು. ನಾಳೆ ಎಲ್ಲಿರುತ್ತೇನೆಂದು ಗೊತ್ತಿಲ್ಲದವನು ಅಪಾರ್ಟ್‌ಮೆಂಟ್ ಹೇಗೆ ಲೀಸ್ ಮಾಡಿಯಾನು? ಅದಕ್ಕೇ ಕೋಣೆ.

"ನಿನ್ನ ಕೆಲಸ ಎಂತ? ಗೋಲ್ ಹೊಡೆಯುದಾ?" ದೊಡ್ಡಮ್ಮ ಮೊದಲ ದಿನವೇ ವಿಚಾರಣೆ ಶುರು ಮಾಡಿದರು. ಅವರದು ಕನ್ನಡ, ಅವನದು ಒಂಥರಾ ಇಂಗ್ಲಿಷ್. ನಡುವೆ ತರ್ಜುಮೆಗೆ ನಾನು.

"ಅಲ್ಲ. ಬೇರೆಯವರು ಹೊಡೆಯದ ಹಾಗೆ ಅಡ್ಡ ನಿಲ್ಲುವುದು."

"ಅಡ್ಡ ನಿಲ್ಲಲಿಕ್ಕೆ ಸಂಬಳ ಕೊಡ್ತಾರಾ? ನಿನ್ನ ದೊಡ್ಡಪ್ಪ ಅಡುಗೆಮನೆಯಲ್ಲಿ ಅದನ್ನು ಧರ್ಮಕ್ಕೆ ಮಾಡ್ತಾರಲ್ಲ ಮಾರಾಯ್ತಿ!"

ಆಮೇಲೆ ಅವನು ನೀರುದೋಸೆ ತಿಂದ. ತಿಂದ ಎನ್ನುವುದು ಸರಿಯಾದ ಕ್ರಿಯಾಪದವಲ್ಲ. ಹಿಟ್ಟಿನ ಪಾತ್ರೆ ಬರಿದಾಗುವವರೆಗೂ ಅವನು ಮೇಲೆ ನೋಡಲಿಲ್ಲ. ದೊಡ್ಡಮ್ಮ ಕಾವಲಿಯ ಮುಂದೆ ನಿಂತು ಅವನನ್ನೇ ದಿಟ್ಟಿಸಿದರು. ನಂತರ ಥಟ್ಟನೆ ಮುಖ ತಿರುಗಿಸಿ, "ಹೆಡ್ಡ! ತಿನ್ನಲಿಕ್ಕೂ ಬರುದಿಲ್ಲ" ಎಂದರು. ನನಗೆ ತಿಳಿದುಹೋಯಿತು. ಹುಡುಗ ಮನೆಗೆ ಸೇರಿದ.

ಪಾಪ, ಅವನಿಗೆ ಮಾತ್ರ ತಿಳಿಯಲಿಲ್ಲ. ತಾನೇನು ತಪ್ಪು ಮಾಡಿದೆ ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ. ಕಣ್ಣಿನ ಕಥೆ ಹೇಳಿದೆ. ನಗುತ್ತಾನೆಂದುಕೊಂಡರೆ ಗಂಭೀರವಾಗಿ ತಲೆಯಾಡಿಸಿದ! ಅವರಲ್ಲೂ ಯಾರಿಗಾದರೂ ಒಳ್ಳೆಯದಾಗಲಿ ಎನ್ನಬೇಕಾದರೆ "ಕುತ್ತಿಗೆ ಮುರಿದುಕೋ" ಎನ್ನುತ್ತಾರಂತೆ. ಅಷ್ಟೇ ಅಲ್ಲ, ಎಡಗಾಲಿನ ಸ್ಕೇಟ್ ಮೊದಲು ಹಾಕದೆ ಅವನು ಎಂದೂ ಆಡಿದವನಲ್ಲ. ಕೋಲಿಗೆ ಟೇಪ್ ಸುತ್ತುವಾಗ ಯಾರಾದರೂ ಮಾತಾಡಿಸಿದರೆ ಬಿಚ್ಚಿ ಮತ್ತೆ ಸುತ್ತುತ್ತಾನೆ. ಈ ವೈಜ್ಞಾನಿಕ ನಗರದಲ್ಲಿ ಕೊನೆಗೂ ದೊಡ್ಡಮ್ಮನಿಗೆ ಒಬ್ಬ ಸಹಧರ್ಮೀಯ ಸಿಕ್ಕ. ಅಂದಿನಿಂದ ಅವನು ಕೋಲು ಹೆಗಲಿಗೇರಿಸಿ ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು, "ಕುತ್ತಿಗೆ ಮುರ್ಕೊಳ್ಳಾ!" ಎಂದು ಹರಸುವುದು ಮನೆಯ ಪದ್ಧತಿಯಾಯಿತು.

ಅವನ ವೃತ್ತಿಜೀವನದ ಚರಿತ್ರೆಗೆ ಎರಡು ಪಾಠಾಂತರಗಳಿವೆ. ಅವನು ಹೇಳಿದ್ದು: ಗಣಿಗಳ ಹತ್ತಿರದ ಸಣ್ಣ ಊರು, ಬಸ್ ಓಡಿಸುವ ಅಪ್ಪ, ಹದಿನೆಂಟಕ್ಕೆ ಅಮೆರಿಕದ ತಂಡವೊಂದು ಆಟಗಾರರನ್ನು ಆರಿಸುವಾಗ ಎಲ್ಲರ ಕೊನೆಗೆ ಇವನ ಹೆಸರು, ಕೆನಡಾ, ಮಂಡಿಗೆ ಶಸ್ತ್ರಚಿಕಿತ್ಸೆ, ಫಿನ್‌ಲೆಂಡ್, ಮತ್ತೆ ಅಮೆರಿಕ. ಮೇಲಿನ ತಂಡದಲ್ಲಿ ಒಂದು ಪಂದ್ಯವನ್ನೂ ಆಡಿಲ್ಲ. ಒಂದು ಆಡಿದರೆ ಸಾಕು, ಆಮೇಲೆ ಊರಿಗೆ ಹೋಗುವೆ ಎನ್ನುತ್ತಿದ್ದ. ಇನ್ನು ದೊಡ್ಡಮ್ಮ ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ದೂರಿನ ಧಾಟಿಯಲ್ಲಿ ಹೇಳುತ್ತಿದ್ದದ್ದು: ಅಂಬೆಗಾಲಿಡುವ ಮೊದಲೇ ಹಿಮದ ಮೇಲೆ ಜಾರುತ್ತಿದ್ದ, ಇವನ ಕಾಟ ತಡೆಯಲಾರದೆ ಫಿನ್‌ಲೆಂಡಿನ ರಾಜನೇ ಕರೆಸಿಕೊಂಡ. ಫಿನ್‌ಲೆಂಡಿನಲ್ಲಿ ರಾಜನಿಲ್ಲ ಎಂದು ನಾನು ತಿದ್ದಿದರೆ, "ಈಗ ಇಲ್ಲದೆ ಇರಬಹುದು" ಎಂದರು. ಇಷ್ಟು ಬರೆದ ಮೇಲೆ ನನಗೆ ಬಂದಿರುವ ಅನುಮಾನವೆಂದರೆ, ಆ ಬಸ್ ಓಡಿಸುವ ಅಪ್ಪ ಯಾವ ಪಾಠದವನು?

ಮೊದಲ ಪಂದ್ಯಕ್ಕೆ ಹೋದದ್ದು ಮಾತ್ರ ಚೆನ್ನಾಗಿ ನೆನಪಿದೆ. ಹೊರಗೆ ಎಂದಿನ ಬಿಸಿಲು, ಜನ ಚಡ್ಡಿಯಲ್ಲಿ. ದೊಡ್ಡಮ್ಮ ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಶಾಲು, ತಲೆಗೆ ದೊಡ್ಡಪ್ಪನ ಮಂಕಿ ಕ್ಯಾಪ್. ಐಸ್ ಹಾಕಿಯಲ್ಲಿ ಆಟಗಾರರು ಸ್ವಲ್ಪ ಹೊತ್ತು ಆಡಿ ಬೆಂಚಿಗೆ ಬಂದು ಕೂರುತ್ತಾರೆ, ಬೇರೆಯವರು ಹೋಗುತ್ತಾರೆ, ಮತ್ತೆ ಇವರು. ನಮ್ಮವನು ಮಂಜಿಗಿಳಿದ ಕೂಡಲೇ ದೊಡ್ಡಮ್ಮ ಕಣ್ಣು ಮುಚ್ಚಿದರು.

"ದೊಡ್ಡಮ್ಮಾ, ಆಡ್ತಿದ್ದಾನೆ, ನೋಡಿ!"

"ಅದಕ್ಕೇ ಮುಚ್ಚಿದ್ದು. ನಾನು ನೋಡಿದ್ರೆ ಅವನ ಕಾಲು ಉಳೀತದಾ? ನೀನು ಬಾಯಲ್ಲಿ ಹೇಳು ಸಾಕು."

ಹೀಗೆ ನಾನು ವೀಕ್ಷಕ ವಿವರಣೆಗಾರ್ತಿಯಾದೆ. "ಬಂದ... ತಳ್ಳಿದ... ತಳ್ಳಿಸಿಕೊಂಡ... ಹೋಗಿ ಕೂತ." ಕೂತ ಎಂದದ್ದೇ ತಡ, ದೊಡ್ಡಮ್ಮನ ಕಣ್ಣು ಅಗಲ ತೆರೆಯುತ್ತಿತ್ತು. "ನೀರು ಕುಡಿಯುದು ನೋಡು, ಅರ್ಧ ಅಂಗಿಗೆ!" ಎಂದು ಮನಸಾರೆ ಬೈಯುತ್ತಿದ್ದರು. ಒಬ್ಬ ಆಟಗಾರ ಬೆಂಚಿನ ಮೇಲೆ ಕೂರುವುದನ್ನು ಅಷ್ಟು ಶ್ರದ್ಧೆಯಿಂದ ನೋಡಿದ ಅಭಿಮಾನಿ ಈ ಕ್ರೀಡೆಯ ಚರಿತ್ರೆಯಲ್ಲಿ ಬೇರೆ ಇರಲಾರರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಂಕಲ್ ಬಗ್ಗಿ, ಇವರಿಗೆ ಮೈ ಹುಷಾರಿಲ್ಲವೇ ಎಂದು ನನ್ನನ್ನು ವಿಚಾರಿಸಿದರು. ಪ್ರಾರ್ಥನೆ ಮಾಡುತ್ತಿದ್ದಾರೆ ಎಂದೆ. ತಂಡದ ಸ್ಥಿತಿ ನೋಡಿದ ಅವರಿಗೆ ಅದು ನ್ಯಾಯವಾಗಿಯೇ ಕಂಡಿತು.

ಪಂದ್ಯ ಮುಗಿದ ಮೇಲೆ ಅವನ ತಂಡದ ಗೋಲ್‌ಕೀಪರ್, ಅವನಿಗಿಂತಲೂ ಎತ್ತರದ ಗಡ್ಡಧಾರಿ, ದೊಡ್ಡಮ್ಮನ ಮುಂದೆ ಬಂದು ಕೈಮುಗಿದು ಹೇಳಿದ: "ನಮಸ್ತೆ, ಹೆಡ್ಡ!"

ನಮ್ಮವನು ಆ ಪದವನ್ನು ಇಡೀ ತಂಡಕ್ಕೆ ಕಲಿಸಿಬಿಟ್ಟಿದ್ದ. ಪ್ರೀತಿಯ ಸಂಬೋಧನೆ ಎಂದು! ಅದು ತಪ್ಪು ಎನ್ನುವುದಾದರೂ ಹೇಗೆ? ದೊಡ್ಡಮ್ಮ ಆ ಗಡ್ಡಧಾರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವನೂ ಊಟಕ್ಕೆ ಬರಲಿ" ಎಂದರು.

ಋತುಗಳು ಉರುಳಿದವು. ಮೇಲಿನ ತಂಡದ ಕರೆ ಬರಲಿಲ್ಲ. ಇವನ ನಂತರ ಬಂದ, ಹಾಲುಗಲ್ಲದ ಹುಡುಗರು ಇವನ ಮುಂದೆಯೇ ಚೀಲ ಕಟ್ಟಿಕೊಂಡು ಲಾಸ್ ಏಂಜಲೀಸಿಗೆ ಹೋದರು. ಇದು ಒಪ್ಪಂದದ ಕೊನೆಯ ವರ್ಷ, ಇನ್ನೊಂದು ಸಿಗುವುದು ಕಷ್ಟ ಎಂದು ಅವನೇ ಹೇಳಿದ. ಆಗ ದೊಡ್ಡಮ್ಮನಿಗೆ ಒಂದು ಧರ್ಮಸಂಕಟ ಎದುರಾಯಿತು. ಇವನು ಮೇಲೆ ಹೋಗಬೇಕಾದರೆ ಅಲ್ಲಿ ಇನ್ನೊಬ್ಬ ಬೀಳಬೇಕು. ಹಾಗೆಂದು ದೇವರನ್ನು ಕೇಳುವುದು ಹೇಗೆ? ಅವರು ದೀಪ ಹಚ್ಚಿ ಬಹಳ ಎಚ್ಚರದಿಂದ ಶಬ್ದ ಆರಿಸಿಕೊಳ್ಳುತ್ತಿದ್ದುದನ್ನು ನಾನು ಕೇಳಿಸಿಕೊಂಡಿದ್ದೇನೆ: "ಯಾರಿಗೂ ಪೆಟ್ಟಾಗುದು ಬೇಡ ಕೃಷ್ಣಾ. ಒಂದು ಶೀತ ಸಾಕು. ಸಣ್ಣದು."

ಒಂದು ಭಾನುವಾರ ಬೆಳಿಗ್ಗೆ ಅವನು ಎಲೆಯಲ್ಲಿ ಬೇಯಿಸಿದ ಇಡ್ಲಿಯಂಥ ಮೂಡೆ ತಿನ್ನುತ್ತಿದ್ದಾಗ ಫೋನ್ ಬಂತು. ಮೇಲಿನ ತಂಡದ ಒಬ್ಬನಿಗೆ ವಿಪರೀತ ಜ್ವರ. ಅದೇ ಮಧ್ಯಾಹ್ನ ಪಂದ್ಯ.

ಅವನು ಕುರ್ಚಿ ಬೀಳಿಸಿಕೊಂಡು ಎದ್ದ. ದೊಡ್ಡಮ್ಮ ಬಿಳಿಚಿಕೊಂಡರು. "ನಾನು ಶೀತ ಹೇಳಿದ್ದು! ಜ್ವರ ಯಾರು ಹೇಳಿದ್ದು?" ಎಂದು ದೇವರಮನೆಗೆ ಓಡಿದರು. ತಿದ್ದುಪಡಿ ನನ್ನ ಕಿವಿಗೂ ಬಿತ್ತು: "ಅವನಿಗೆ ಬೇಗ ಗುಣ ಆಗಲಿ. ಬೇಗ ಅಂದ್ರೆ... ಇವತ್ತೇ ಬೇಡ."

ನಾವು ಅವನ ಹಿಂದೆಯೇ ಹೊರಟೆವು. ಫ್ರೀವೇಯ ಟ್ರಾಫಿಕ್ಕಿನಲ್ಲಿ ದೊಡ್ಡಮ್ಮ ಪ್ರತಿಯೊಂದು ಕಾರನ್ನೂ ಹೆಸರು ಹಿಡಿದು ಶಪಿಸಿದರು. ಮೇಲಿನ ತಂಡದ ಕ್ರೀಡಾಂಗಣ ಎಷ್ಟು ದೊಡ್ಡದೆಂದರೆ, ಒಳಗೆ ಕಾಲಿಟ್ಟ ದೊಡ್ಡಮ್ಮ, "ಥೂ, ಎಂತ ಕೊಂಪೆ!" ಎಂದು ಉದ್ಗರಿಸಿದರು.

ಇಲ್ಲಿಂದ ಮುಂದೆ ನನ್ನನ್ನು ನಂಬಬೇಡಿ. ಅವನನ್ನು ಬಹಳ ಹೊತ್ತು ಬೆಂಚಿನಲ್ಲೇ ಕೂರಿಸಿದ್ದರು. ಇಳಿಸಿದಾಗಲೂ ಎರಡು ಉಸಿರಿಗೆ ವಾಪಸ್ಸು. ದೊಡ್ಡಮ್ಮನ ಕೈ ಕಣ್ಣಿಗೆ ಹೋಗಿ ಬಂದು ಮಾಡುತ್ತಿತ್ತು. ಕೊನೆಯ ಭಾಗದಲ್ಲಿ ಎದುರಾಳಿಯೊಬ್ಬ ಈ ಆಟದಲ್ಲಿ ಚೆಂಡಿನ ಬದಲಿಗಿರುವ ಕಪ್ಪು ರಬ್ಬರ್ ಬಿಲ್ಲೆಯನ್ನು ಇದ್ದಬದ್ದ ಶಕ್ತಿಯಿಂದ ಗೋಲಿನತ್ತ ಬಾರಿಸಿದ. ನಮ್ಮವನು ಅದರ ದಾರಿಗೆ ಅಡ್ಡ ಬಿದ್ದ. ಉದ್ದಕ್ಕೆ, ಮರ ಬಿದ್ದ ಹಾಗೆ. ಬಿಲ್ಲೆ ಅವನ ಹಳೆಯ ಮಂಡಿಗೇ ಬಡಿಯಿತು. ಗೋಲಾಗಲಿಲ್ಲ. ಇಡೀ ಕ್ರೀಡಾಂಗಣ ಎದ್ದು ನಿಂತು ಕೂಗಿತು.

"ಏಳಾ ಹೆಡ್ಡ! ಏಳು!" ಎಂದರು ದೊಡ್ಡಮ್ಮ.

ನಾನು "ಬಿದ್ದ" ಎಂದು ಹೇಳಿದ ಮೇಲೆ ಅವರು ಹಾಗೆ ಕೂಗಿದರೇ? ಅಥವಾ ನಾನು ಬಾಯಿ ತೆರೆಯುವ ಮೊದಲೇ?

ಅವನು ಎದ್ದ. ಒಂಟಿಕಾಲಿನಲ್ಲಿ ಜಾರಿಕೊಂಡು ಬೆಂಚಿಗೆ ಬಂದ. ಮತ್ತೆ ಇಳಿಯಲಿಲ್ಲ. ಮೇಲಿನ ತಂಡದಲ್ಲಿ ಅವನ ವೃತ್ತಿಜೀವನ ಅಷ್ಟೇ: ಒಂದು ಮಧ್ಯಾಹ್ನ. ಮಂಡಿಯ ಪೆಟ್ಟು ಆ ವರ್ಷದ ಆಟವನ್ನು ಮುಗಿಸಿತು, ಹೊಸ ಒಪ್ಪಂದ ಬರಲಿಲ್ಲ. ತನ್ನ ಊರಿನ ಸಣ್ಣ ತಂಡದಲ್ಲಿ ಹುಡುಗರಿಗೆ ಕಲಿಸುವ ಕೆಲಸ ಹಿಡಿದು ಅವನು ಹೊರಟ. ಆಡಿಯಾಯಿತಲ್ಲ ಎಂದು ಖುಷಿಯಾಗಿಯೇ ಇದ್ದ.

ವಿಮಾನ ನಿಲ್ದಾಣದಲ್ಲಿ ಕೋಲುಗಳ ಚೀಲವನ್ನು ಕೆಳಗಿಟ್ಟು ಅವನು ದೊಡ್ಡಮ್ಮನ ಮುಂದೆ ಬಗ್ಗಿದ. ಒಂದು ಪ್ರಶ್ನೆ ಇತ್ತಂತೆ, ಕೇಳಲು ಸಂಕೋಚ. ಆವತ್ತು ಲಾಸ್ ಏಂಜಲೀಸಿನಲ್ಲಿ ತಾನು ಅಡ್ಡ ಬಿದ್ದದ್ದನ್ನು ಅವರು ನೋಡಿದರೇ? ಅವನ ಮನೆಯವರು ಯಾರೂ ಅಲ್ಲಿರಲಿಲ್ಲವಲ್ಲ, ಅದಕ್ಕೆ.

ನಾನು ತರ್ಜುಮೆ ಮಾಡಿದೆ. ದೊಡ್ಡಮ್ಮ ಶಾಲಿನ ಅಂಚನ್ನು ಎಳೆದುಕೊಂಡರು.

"ನೋಡಿದೆ. ಎರಡು ಕಣ್ಣಲ್ಲಿ ನೋಡಿದೆ. ಅಷ್ಟು ಕೆಟ್ಟ ಆಟ ನಾನು ಜನ್ಮದಲ್ಲಿ ನೋಡ್ಲಿಲ್ಲ."

ನಾನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದೆ. ಅವನು ಬೇಡವೆಂದು ಕೈಯೆತ್ತಿದ. ಅವನ ಮುಖ ಹೊಳೆಯುತ್ತಿತ್ತು. "ಥ್ಯಾಂಕ್ಯೂ, ಹೆಡ್ಡ" ಎಂದು ಹೇಳಿ, ಕುಂಟುತ್ತಾ ಒಳಗೆ ಹೋದ.

ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳುತ್ತಾ ದೊಡ್ಡಮ್ಮ ನನ್ನ ಕಡೆ ತಿರುಗದೆ ಹೇಳಿದರು: "ನಾನು ಆವತ್ತು ಕಣ್ಣು ಬಿಡ್ಲೇ ಇಲ್ಲ, ಗೊತ್ತುಂಟಲ್ಲ ನಿನಗೆ? ಒಂದು ಚೂರೂ ಬಿಡ್ಲಿಲ್ಲ. ನೀನು ಪಕ್ಕದಲ್ಲೇ ಇದ್ದೆ."

"ಹೌದು ದೊಡ್ಡಮ್ಮಾ" ಎಂದೆ.

ಎರಡರಲ್ಲಿ ಒಂದು ಸುಳ್ಳು. ಅವನಿಗೆ ಹೇಳಿದ್ದೋ, ತನಗೇ ಹೇಳಿಕೊಂಡದ್ದೋ? ಆ ಬೆರಳುಗಳ ನಡುವೆ ಸಂದು ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ಹೊತ್ತಿನಲ್ಲಿ ನಾನು ಅವನನ್ನು ನೋಡುತ್ತಿದ್ದೆ.