ಜ್ವಾಲಾಮುಖಿಯೂ ನಮ್ಮಮ್ಮನ ವಿಭೂತಿಯೂ

ಆಕಾಶಕ್ಕೆ ಬೀಗ ಬಿದ್ದಿದೆ ಎಂಬ ಸುದ್ದಿ ಕೇಳಿ ಇಡೀ ದೆಹಲಿಯಲ್ಲಿ ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ಆಫ್ರಿಕಾದಲ್ಲೆಲ್ಲೋ ಒಂದು ಜ್ವಾಲಾಮುಖಿ ಸಿಡಿದು, ಅದರ ಬೂದಿ ಸಮುದ್ರ ದಾಟಿ ನಮ್ಮ ನೆತ್ತಿಯ ಮೇಲೆ ಬಂದು ನಿಂತಿತ್ತು. ವೀಸಾ ಇಲ್ಲ, ಟಿಕೆಟ್ ಇಲ್ಲ! ವಿಮಾನಗಳು ಸಾಲುಸಾಲಾಗಿ ರದ್ದಾದವು. ಆಫೀಸಿನ ಕೆಲಸಕ್ಕೆಂದು ಚೆನ್ನೈಗೆ ಹೋಗಿದ್ದ ನಮ್ಮಪ್ಪ ಅಲ್ಲೇ ಉಳಿದರು. ದೆಹಲಿಯ ಹೊಗೆ ಕುಡಿದು ಆ ಬೂದಿಗೇ ಕೆಮ್ಮು ಬಂತಂತೆ ಎಂದು ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸ್‌ನಲ್ಲಿ ಜೋಕು ಹರಿದಾಡಿತು.

ನನ್ನ ಖುಷಿಗೆ ಕಾರಣ ಬೇರೆ. ದೇಚಮ್ಮನ ಅಪ್ಪ ದೆಹಲಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು!

ದೇಚಮ್ಮ ಗುರುಗ್ರಾಮದ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವಳು. ಚಾರ್ಜರ್ ಕೇಳುವುದರಿಂದ ಶುರುವಾದ ನಮ್ಮ ಪರಿಚಯ ಮದುವೆಯ ಮಾತಿನತನಕ ಬಂದಿತ್ತು. ಅವಳ ಅಪ್ಪ ನಿವೃತ್ತ ಸುಬೇದಾರ್ ಮೇಜರ್ ಕುಟ್ಟಪ್ಪನವರು ಹುಡುಗನನ್ನು ನೋಡಲೆಂದೇ ಮಡಿಕೇರಿಯಿಂದ ಬಂದಿದ್ದರು. ನೋಡಿದರು. ಸಮೋಸಾ ತಿಂದರು. "ಹ್ಞೂಂ" ಅಂದರು. ಆ ಹ್ಞೂಂ ನನಗೋ ಸಮೋಸಾಕ್ಕೋ ಎಂಬುದು ದೇಚಮ್ಮನಿಗೂ ಗೊತ್ತಾಗಲಿಲ್ಲ.

"ಊರಿಗೆ ಹೋಗಿ ಹೇಳ್ತೇನೆ ಅಂದ್ರು ಕಣೋ ಶಿವೂ," ಅಂದಳು.

"ಒಳ್ಳೇದೇ ಅಲ್ವಾ?"

"ಹಿಂದೆ ಇಬ್ರು ಹುಡುಗರಿಗೆ ಹಂಗೇ ಹೇಳಿದ್ರು. ಅವರಿನ್ನೂ ಕಾಯ್ತಿದ್ದಾರೆ."

ಅಂಥ ಹೊತ್ತಿಗೆ ಸರಿಯಾಗಿ ಜ್ವಾಲಾಮುಖಿ ನನ್ನ ಕೈಹಿಡಿಯಿತು. ಅವರ ವಿಮಾನ ರದ್ದು. ನನಗೆ ಇನ್ನೊಂದು ಅವಕಾಶ. ಮೇಲಾಗಿ ನನ್ನ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರ ಬಾಕಿ ಇತ್ತು. ಹರಿಯಾಣದ ಒಂದು ಪುಟ್ಟ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಶನಿವಾರ ಭಾನುವಾರ ಬೆವರು ಸುರಿಸಿ ನಾನು ಸಂಪಾದಿಸಿದ್ದ, ಇನ್ನೂ ಇಸ್ತ್ರಿ ಮುರಿಯದ ಪೈಲಟ್ ಲೈಸೆನ್ಸ್! ವಿಮಾನ ಅಂದರೆ ದೊಡ್ಡದೇನಲ್ಲ, ಆಟೋಗೆ ರೆಕ್ಕೆ ಅಂಟಿಸಿದಂತಿರುತ್ತದೆ. ಆದರೆ ಹಾರುತ್ತದೆ. ಆಟೋಗಿಂತ ಮರ್ಯಾದೆಯಿಂದಲೇ ಹಾರುತ್ತದೆ.

ಕುಟ್ಟಪ್ಪನವರಿಗೆ ಫೋನ್ ಹಚ್ಚಿದೆ.

"ಅಂಕಲ್, ನಾಳೆ ನಮ್ಮ ಕ್ಲಬ್ಬಿಗೆ ಬನ್ನಿ, ನಿಮ್ಮನ್ನ ಕೂರಿಸ್ಕೊಂಡು ಒಂದು ರೌಂಡು ಹಾರಿಸ್ತೀನಿ. ಬೂದಿ ಇರೋದು ಮೇಲೆ, ದೊಡ್ಡ ವಿಮಾನ ಹೋಗೋ ಎತ್ತರದಲ್ಲಿ. ನಮ್ದು ಪಾರಿವಾಳದ ರೂಟು. ನಮಗೇನೂ ತೊಂದ್ರೆ ಇಲ್ಲ."

"ಅಂದ್ರೆ, ದೊಡ್ಡ ದೊಡ್ಡ ಕ್ಯಾಪ್ಟನ್‌ಗಳೆಲ್ಲ ಮನೇಲಿ ಕೂತಿರೋವಾಗ ನೀನು ಹಾರಿಸ್ತೀಯಾ?"

"ಹಾರಿಸ್ತೀನಿ ಅಂಕಲ್!"

"ಹ್ಞೂಂ. ನಾಳೆ ಬರ್ತೇನೆ."

ಗೋಡೆಗೆ ಕಿವಿಯಿದ್ದರೆ ನಮ್ಮಮ್ಮನಿಗೆ ಎರಡಿವೆ. "ನಾನೂ ಬರ್ತೀನಿ. ಬೀಗರು ಹತ್ತೋ ಗಾಡಿಗೆ ಪೂಜೆ ಇಲ್ದೆ ಹೇಗೋ?"

"ಅಮ್ಮಾ, ಅವರಿನ್ನೂ ಬೀಗರಾಗಿಲ್ಲ."

"ಅದಕ್ಕೇ ಪೂಜೆ ಬೇಕಿರೋದು!"

ಮನೆಗೆ ಮಿಕ್ಸಿ ತಂದರೂ ಅದಕ್ಕೆ ಮೂರು ಗೆರೆ ವಿಭೂತಿ ಎಳೆಯುವ ಹೆಂಗಸಿನ ಜೊತೆ ವಾದ ಮಾಡಿ ಗೆದ್ದವರಿಲ್ಲ. ದಾವಣಗೆರೆಯ ದೊಡ್ಡಮ್ಮ ಕಳಿಸಿದ್ದ ವಿಭೂತಿ ಗಟ್ಟಿ, ಕುಂಕುಮ, ನಾಲ್ಕು ನಿಂಬೆಹಣ್ಣು ಚೀಲಕ್ಕೆ ಬಿದ್ದವು.

ಮಾರನೇ ದಿನ ಬೆಳಿಗ್ಗೆ ನಾನು, ಅಮ್ಮ, ದೇಚಮ್ಮ, ಕುಟ್ಟಪ್ಪನವರು ನಾಲ್ವರೂ ಏರ್‌ಸ್ಟ್ರಿಪ್ ತಲುಪಿದೆವು. ಸುತ್ತ ಸಾಸಿವೆ ಹೊಲ, ಬೇಲಿಯಾಚೆ ಎಮ್ಮೆಗಳು, ನಡುವೆ ನಮ್ಮ ಬಿಳಿ ವಿಮಾನ. ಕ್ಲಬ್ಬಿನ ಇಂಜಿನಿಯರ್ ಚೌಧರೀಜಿ ಮೀಸೆ ತಿರುವುತ್ತಾ ಹೊಸ ನಿಯಮ ಹೇಳಿದರು. ಮೇಲೆ ಬೂದಿ ಇರುವತನಕ ಹಾರುವ ಮುಂಚೆ ಪ್ರತಿ ವಿಮಾನವನ್ನೂ ಕಪ್ಪು ಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆ ಚೊಕ್ಕಟವಾಗಿದ್ದರೆ ಹಾರಬಹುದು. ಚೂರು ಬೂದಿ ಅಂಟಿದರೂ ಇಡೀ ಕ್ಲಬ್ಬು ಬಂದ್. "ಚಾಯ್ ಪೀಕೆ ಆತಾ ಹೂಂ," ಎಂದು ಚಹಾಕ್ಕೆ ಹೋದರು.

ಈ ನಿಯಮವನ್ನು ನಾನು ಕಿವಿಯಾರೆ ಕೇಳಿದ್ದೆ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಚೌಧರೀಜಿ ಮರೆಯಾದ ಕೂಡಲೇ ಅಮ್ಮ ಚೀಲ ಬಿಚ್ಚಿದರು. ಚಕ್ರಕ್ಕೊಂದು ನಿಂಬೆಹಣ್ಣು, ಮೂತಿಗೆ ಕುಂಕುಮ, ತೆಳ್ಳಗೆ ಮೂರು ಗೆರೆ ವಿಭೂತಿ. ಕುಟ್ಟಪ್ಪನವರು ಕೈಕಟ್ಟಿ ನಿಂತು ನೋಡುತ್ತಿದ್ದರು.

"ಇದೂ ಪೈಲಟ್ ಚೆಕ್‌ಲಿಸ್ಟಲ್ಲಿ ಇದೆಯಾ?"

"ಇದು ನಮ್ಮನೆ ಚೆಕ್‌ಲಿಸ್ಟ್ ಅಂಕಲ್!"

ಅಮ್ಮ ಅಷ್ಟಕ್ಕೇ ನಿಲ್ಲಿಸಿದ್ದರು. ಮೂರು ಗೆರೆ ಒರೆಸಲು ಒಂದು ಕರ್ಚೀಫು ಸಾಕಿತ್ತು. ಆದರೆ ಭಾವೀ ಮಾವನ ಮುಂದೆ ನನ್ನ ಭಕ್ತಿ ಉಕ್ಕಿತು.

"ಸಾಕು ಬಿಡೋ," ಅಂದರು ಅಮ್ಮ.

"ಇರ್ಲಿ ಅಮ್ಮಾ, ಇವತ್ತು ಡಬಲ್ ಡೋಸ್!"

ವಿಭೂತಿ ಗಟ್ಟಿಯನ್ನು ಮುರಿದು, ಅರ್ಧವನ್ನು ಎರಡೂ ಅಂಗೈ ನಡುವೆ ಇಟ್ಟು ಒತ್ತಿದೆ. ಅದು ಪುಡಿಪುಡಿಯಾಯಿತು. ಅದೇ ಕ್ಷಣಕ್ಕೆ ಸಾಸಿವೆ ಹೊಲದ ಕಡೆಯಿಂದ ಗಾಳಿ ಬೀಸಿತು. ಕಣ್ಣುಬಿಟ್ಟು ನೋಡಿದರೆ ಮೂತಿ, ರೆಕ್ಕೆ, ಗಾಜು, ಇಂಜಿನ್ನಿಗೆ ಗಾಳಿ ಹೋಗುವ ಕಿಂಡಿ, ಎಲ್ಲೆಲ್ಲೂ ವಿಭೂತಿ! ಜಾಕೆಟ್ಟಿನ ತೋಳಿನಿಂದ ಒರೆಸಿದೆ. ಅಲ್ಲಿಯತನಕ ಬಾಕಿ ಉಳಿದಿದ್ದ ಜಾಗಕ್ಕೂ ಹರಡಿತು.

ಚೌಧರೀಜಿ ಬಂದರು. ಕಪ್ಪು ಬಟ್ಟೆ ಎಳೆದರು. ನೋಡಿದರು. ಮೀಸೆ ನಿಮಿರಿತು.

"ಅರೇ ಬಾಪ್ ರೇ! ರಾಖ್!" ಬೂದಿ ಸಿಕ್ಕಿತೆಂದು ಕೂಗಿದರು.

ನಿಜ ಹೇಳಲು ಅದೇ ಸರಿಯಾದ ಸಮಯ. ಆದರೆ ವಿಮಾನಕ್ಕೆ ಪುಡಿ ಎರಚಿದ ಪೈಲಟ್ಟನ್ನು ಕ್ಲಬ್ಬಿನವರು ಉಳಿಸುತ್ತಾರೆಯೇ? ಕುಟ್ಟಪ್ಪನವರು ಮಗಳನ್ನು ಕೊಡುತ್ತಾರೆಯೇ? ನಾನು ಗಂಟಲು ಸರಿಮಾಡಿಕೊಂಡು, ವಿಜ್ಞಾನಿಯ ಗಾಂಭೀರ್ಯದಿಂದ ಬಟ್ಟೆಯನ್ನು ಮೂಸಿ ಹೇಳಿದೆ: "ಹಾಂ ಜೀ. ಜ್ವಾಲಾಮುಖಿ ಕೀ ಹೈ."

ಅಮ್ಮನ ಹಿಂದಿ ತರಕಾರಿ ಭಯ್ಯಾನ ಗಾಡಿಯಿಂದಾಚೆ ಹೋದದ್ದಲ್ಲ. ಆದರೆ ಜ್ವಾಲಾಮುಖಿ ಎಂಬ ಪದ ಎರಡೂ ಭಾಷೆಯಲ್ಲಿ ಒಂದೇ ಆಗಿಹೋಗಿದೆ, ಅದೇ ನನ್ನ ದುರದೃಷ್ಟ.

"ಯಾವ ಜ್ವಾಲಾಮುಖಿಯೋ? ದೊಡ್ಡಮ್ಮ ಕಳಿಸಿದ ವಿಭೂತಿ ಅಲ್ವೇನೋ ಅದು!"

"ಮಾತಾಜೀ ಕ್ಯಾ ಬೋಲ್ ರಹೀ ಹೈಂ?" ಎಂದು ಕೇಳಿದರು ಚೌಧರೀಜಿ.

ತುಂಬಾ ಅಪಾಯ, ಹುಷಾರಾಗಿರಿ ಅಂತಿದ್ದಾರೆ ಎಂದು ಹಿಂದಿಯಲ್ಲಿ ತರ್ಜುಮೆ ಮಾಡಿದೆ. ದೇಚಮ್ಮ ನನ್ನ ಸೊಂಟಕ್ಕೆ ಚಿವುಟಿದಳು. ಮೂವತ್ತು ವರ್ಷ ಪಲ್ಟನ್ನಿನಲ್ಲಿ ಹಿಂದಿ ಮಾತಾಡಿದ್ದ ಕುಟ್ಟಪ್ಪನವರ ಹುಬ್ಬು ಒಂದೇ ಒಂದು ಮಿಲಿಮೀಟರ್ ಮೇಲೆದ್ದಿತು.

ಆಮೇಲೆ ನಡೆದದ್ದು ಯುದ್ಧಕಾಲದ ಕಾರ್ಯಾಚರಣೆ. ಗಾಳಿಯಲ್ಲಿದ್ದ ವಿದ್ಯಾರ್ಥಿಗಳನ್ನು ರೇಡಿಯೋದಲ್ಲಿ ಕೂಗಿ ಇಳಿಸಿದರು. ಉಳಿದ ವಿಮಾನಗಳಿಗೆ ತಾಡಪಾಲು ಹೊದಿಸಿದರು. ಕ್ಯಾಂಟೀನಿನ ಭಯ್ಯಾ ಪಕೋಡದ ಬಾಣಲೆಗೂ ಮುಚ್ಚಳ ಹಾಕಿದ. ಚೌಧರೀಜಿ ಫೋನ್ ಕೈಗೆತ್ತಿಕೊಂಡು ನನ್ನ ಬೆನ್ನು ತಟ್ಟಿದರು. ಬೂದಿ ನೆಲಕ್ಕಿಳಿದಿದೆ ಎಂದು ಈಗಲೇ ಮೇಲಿನವರಿಗೆ ವರದಿ ಮಾಡುತ್ತಾರಂತೆ. ಕೆಳಗಿನ ಆಕಾಶಕ್ಕೂ ಬೀಗ ಬೀಳುತ್ತದಂತೆ. ಮೊದಲು ಪತ್ತೆಹಚ್ಚಿದವನೆಂದು ನನ್ನ ಹೆಸರೂ ಹೋಗುತ್ತದಂತೆ! ನಾಚಿಕೆಬಿಟ್ಟು ಹೇಳುತ್ತೇನೆ, ಆ ಕ್ಷಣ ನನ್ನೆದೆ ಉಬ್ಬಿತು.

"ನೋಡಿದ್ರಾ ಅಂಕಲ್!" ಅಂದೆ.

ಕುಟ್ಟಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು. ದನಿ ಮೆತ್ತಗಿತ್ತು.

"ಒಂದ್ಸಲ ಬಾರ್ಡರಲ್ಲಿ ಒಬ್ಬ ಸಿಪಾಯಿ ಪೊದೆ ಹಿಂದೆ ಹೋರಿ ನೋಡಿ ಶತ್ರು ಅಂತ ರಿಪೋರ್ಟ್ ಮಾಡಿದ್ದ. ಇಡೀ ಕಂಪನಿ ಚಳೀಲಿ ಆ ಹೋರೀನ ಸುತ್ತುವರಿದು ಕೂತಿದ್ವಿ. ಅವನಿಗೆ ಏನು ಶಿಕ್ಷೆ ಕೊಟ್ಟೆ ಗೊತ್ತಾ?"

"ಏನು ಅಂಕಲ್?"

"ಹೋಗಿ ಹಾಲು ಕರ್ಕೊಂಡು ಬಾ ಅಂದೆ."

"ಹೋರಿ... ಹಾಲು?"

"ಅದೇ."

ಇಲ್ಲಿ ಹೋರಿ ಯಾವುದು, ಸಿಪಾಯಿ ಯಾರು ಎಂದು ಹೊಳೆದದ್ದೇ ನನ್ನ ಕಾಲು ತಾನಾಗಿಯೇ ಚೌಧರೀಜಿಯ ಕಡೆ ಓಡಿತು. ಫೋನು ಆಗಲೇ ಅವರ ಕಿವಿಯಲ್ಲಿತ್ತು.

"ಚೌಧರೀಜೀ, ರುಕಿಯೇ! ಯೇ ರಾಖ್ ಜ್ವಾಲಾಮುಖಿ ಕೀ ನಹೀಂ... ದಾವಣಗೆರೆ ಕೀ ಹೈ!"

ಅವರು ಗಾಬರಿಯಿಂದ ಫೋನು ಇಳಿಸಿದರು. "ದಾವಣಗೆರೆ ಮೇಂ ಭೀ ಜ್ವಾಲಾಮುಖಿ ಫಟಾ ಕ್ಯಾ?"

ಮಗನ ಕಷ್ಟ ನೋಡಲಾರದೆ ಅಮ್ಮ ತಮ್ಮ ಹಿಂದಿಯೊಂದಿಗೆ ರಣರಂಗಕ್ಕಿಳಿದರು. "ಭಯ್ಯಾ, ಯೇ ರಾಖ್ ನಹೀಂ! ಯೇ ಭಗವಾನ್ ಕಾ ಪೌಡರ್ ಹೈ!"

ಪೌಡರ್ ಎಂಬ ಮಾತು ಕಿವಿಗೆ ಬಿದ್ದು, ಡ್ರಗ್ಸ್ ಇರಬೇಕೆಂದು ಗೇಟಿನ ಗಾರ್ಡ್ ಲಾಠಿ ಹಿಡಿದು ಓಡಿಬಂದ. ಕೊನೆಗೆ ಅಮ್ಮ ಚೀಲದಿಂದ ಉಳಿದ ಅರ್ಧ ಗಟ್ಟಿ ತೆಗೆದು, ಗಾರ್ಡಿನ ಹಣೆಗೂ ಚೌಧರೀಜಿಯ ಹಣೆಗೂ ಮೂರು ಗೆರೆ ಎಳೆದ ಮೇಲೆಯೇ ಪ್ರಕರಣ ಬಗೆಹರಿದದ್ದು.

ತೀರ್ಪು ಅಲ್ಲೇ ಬಂತು. ಆಕಾಶ ತಿಳಿಯಾಗುವತನಕ ನನ್ನ ಹಾರಾಟ ಬಂದ್. ಅದಕ್ಕಿಂತ ಮೊದಲು, ಈಗಿಂದೀಗಲೇ, ಮೂತಿಯಿಂದ ಬಾಲದತನಕ ವಿಮಾನ ತೊಳೆಯಬೇಕು. ಒಂದು ಬಕೆಟ್, ಒಂದು ಸ್ಪಂಜು ಕೈಗೆ ಬಂದವು. ಪ್ಯಾಂಟು ಮಡಚಿದೆ. ಆಕಾಶದಲ್ಲಿ ಭಾವೀ ಮಾವನಿಗೆ ದರ್ಶನ ಕೊಡಬೇಕಿದ್ದವನು ರೆಕ್ಕೆಯ ಕೆಳಗೆ ಅಂಗಾತ ಮಲಗಿ ಉಜ್ಜುತ್ತಿದ್ದೆ! ಕುಟ್ಟಪ್ಪನವರು ಕುರ್ಚಿ ಹಾಕಿಸಿಕೊಂಡು ಕೂತರು.

"ಕಿಂಡಿ ಒಳಗೆ! ಬೆರಳು ಹಾಕು! ಬಾಲ ಯಾರಪ್ಪ ತೊಳೀತಾರೆ?"

"ಪಪ್ಪಾ, ಪಾಪ ಬಿಡಿ ಅವನನ್ನ," ಅಂದಳು ದೇಚಮ್ಮ, ಜೊತೆಜೊತೆಗೇ ವಿಡಿಯೋ ಮಾಡುತ್ತಾ.

ಎಲ್ಲ ಮುಗಿದ ಮೇಲೆ ಸುಬೇದಾರ್ ಸಾಹೇಬರು ಎದ್ದು, ರೆಕ್ಕೆಯ ಉದ್ದಕ್ಕೂ ಬೆರಳು ಎಳೆದು, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಅಮ್ಮನ ಕಡೆ ತಿರುಗಿದರು.

"ನೋಡಿಯಮ್ಮಾ, ಹುಡುಗ ಹಾರಿಸೋದನ್ನ ನಾನು ನೋಡಿಲ್ಲ. ನೋಡೋ ಧೈರ್ಯಾನೂ ಇಲ್ಲ. ಸುಳ್ಳು ಹೇಳೋಕಂತೂ ಬರೋದೇ ಇಲ್ಲ, ಅದು ಒಳ್ಳೇದೇ. ಆದ್ರೆ ತೊಳೆಯೋದು ನೋಡ್ದೆ. ಒಂದು ಮೂಲೆ ಬಿಟ್ಟಿಲ್ಲ. ನಮ್ಮ ದೇಚು ಕುಡಿದ ಕಾಫಿ ಲೋಟ ತೊಳೆಯೋಳಲ್ಲ. ಮನೇಲಿ ಒಬ್ರಿಗಾದ್ರೂ ಬರ್ಬೇಕಲ್ಲ?"

"ಅಂದ್ರೆ... ಒಪ್ಪಿಗೆನಾ ಅಂಕಲ್?" ಬಕೆಟ್ ಹಿಡಿದೇ ಕೇಳಿದೆ.

"ಒಪ್ಪಿಗೆ. ಆ ಚಕ್ರ ಇನ್ನೊಂದ್ಸಲ ತೊಳಿ."

ನಿಶ್ಚಿತಾರ್ಥ ಆರ್.ಕೆ.ಪುರಂನಲ್ಲೇ ಆಯಿತು. ಊಟದ ಹೊತ್ತಿಗೆ ನಮ್ಮ ಬ್ಲಾಕಿನ ಹಿರಿಯಮ್ಮನೊಬ್ಬರು ಹೆಣ್ಣಿನ ಕಡೆಯವರನ್ನು ಮಾತಾಡಿಸುತ್ತಾ ಕುಟ್ಟಪ್ಪನವರ ಪಕ್ಕ ಬಂದು ಕೂತರು. ಬ್ಲಾಕಿಗೆ ಹೊಸಬರಾದ್ದರಿಂದ, ಪಕ್ಕದಲ್ಲೇ ಕೂತಿದ್ದ ನಾನೇ ವರನೆಂದು ಅವರಿಗೆ ಗೊತ್ತಿರಲಿಲ್ಲ.

"ಅಳಿಯಂದ್ರು ಏನು ಮಾಡ್ಕೊಂಡಿದ್ದಾರೆ?"

ನಾನು ಎದೆ ಸೆಟೆಸಿ ಕೂತೆ. ಪೈಲಟ್ ಎಂಬ ಪದ ಹೊರಬೀಳುವುದನ್ನೇ ಕಾದೆ.

"ವಿಮಾನ ತೊಳೀತಾನೆ," ಅಂದರು ಮಾವ, ಪಾಯಸದಿಂದ ತಲೆಯೆತ್ತದೆ.

"ಅಚ್ಛಾ! ಕೇಂದ್ರ ಸರ್ಕಾರದ್ದಾ? ಪರ್ಮನೆಂಟಾ?"

"ಇಲ್ಲಮ್ಮಾ. ಇನ್ನೂ ಪ್ರೊಬೇಷನ್ನು."