ನಮ್ಮ ಕಾರಿಗೆ ಗಾಳಿ ಹೆಚ್ಚಿಸಿದ್ದು

ಯಾವುದನ್ನಾದರೂ ಸರಿಯಾಗಿ ತಿಳಿದುಕೊಂಡು ಮಾಡೋಣ ಎಂದು ಹೊರಟಾಗಲೇ ನನಗೆ ಇಂಥವು ಆಗುತ್ತವೆ. ತಿಳಿಯದೆ ಮಾಡಿದವೆಲ್ಲ, ಮದುವೆಯೂ ಸೇರಿದಂತೆ, ಚೆನ್ನಾಗಿಯೇ ನಡೆದಿವೆ.

ನಾನು ಹರಿಹರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ದಾವಣಗೆರೆಯಲ್ಲಿ. ಓಡಾಡಲಿಕ್ಕೆಂದು ಒಂದು ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು ಕೊಂಡೆ. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಒಂದು ಫ್ಯಾನು ಎಂದುಕೊಳ್ಳಿ. ಆ ಒತ್ತಡಕ್ಕೆ ಬೂಸ್ಟ್ ಅನ್ನುತ್ತಾರೆ. ಅದು ಹೆಚ್ಚಿದಷ್ಟೂ ಕಾರು ಜೋರು. ಕಡಿಮೆ ಖರ್ಚಿನಲ್ಲಿ ಬೂಸ್ಟ್ ಹೆಚ್ಚಿಸಿಕೊಳ್ಳಬಹುದು ಎಂದು ಮೊಬೈಲಿನಲ್ಲಿ ಯಾರೋ ಹೇಳುತ್ತಿದ್ದರು. ಮುಖ ನೋಡಿದರೆ ಸುಳ್ಳು ಹೇಳುವವರ ಹಾಗೆ ಕಾಣಲಿಲ್ಲ.

ಹೆಂಡತಿಯನ್ನು ಕೇಳಿದೆ. "ಏನಾದ್ರೂ ಮಾಡ್ಕೊಳ್ರಿ. ಆದ್ರೆ ನಡುದಾರ್ಯಾಗೆ ಒಂದೇ ಒಂದ್ಸಲ ನಿಂತ್ರೂ ಕಾರು ನನ್ನ ತಮ್ಮನಿಗೆ ಮಾರ್ಬೇಕು," ಅಂದಳು. ಶಾಮನೂರಿನಲ್ಲಿರುವ ಅವಳ ತಮ್ಮ ನಾನು ಕಾರು ಕೊಂಡ ದಿನದಿಂದಲೂ ಅದರ ಮೇಲೆ ಕಣ್ಣಿಟ್ಟಿದ್ದ. ನಾನು ಒಪ್ಪಿದೆ. ನನ್ನ ಜೀವನದಲ್ಲಿ ನಾನೇ ಆಸೆಪಟ್ಟು ಆರಿಸಿಕೊಂಡ ವಸ್ತು ಅದೊಂದೇ. ಮಿಕ್ಕಿದ್ದನ್ನೆಲ್ಲ ಮನೆಯವರು ಆರಿಸಿದ್ದರು.

ಸೊನ್ನೆಗಿಂತ ಕೆಳಗೆ

ಮೊದಲು ಬೂಸ್ಟ್ ತೋರಿಸುವ ಮೀಟರು ತರಿಸಿದೆ. ಹರಿಹರದಲ್ಲಿ ಗ್ಯಾರೇಜು ಇಟ್ಟಿರುವ ಮೆಕ್ಯಾನಿಕ್ ನನ್ನ ಹಳೇ ವಿದ್ಯಾರ್ಥಿ. ಅವನೇ ಅದನ್ನು ಕೂಡಿಸಿಕೊಟ್ಟ.

ಮನೆಗೆ ಬಂದು ನೋಡುತ್ತೇನೆ, ಎಂಜಿನ್ ಓಡುತ್ತಿದೆ, ಮುಳ್ಳು ಸೊನ್ನೆಗಿಂತ ಕೆಳಗಿದೆ. ಇದ್ದ ಗಾಳಿಯೂ ಹೋಯಿತೇ? ಟರ್ಬೊ ಉಲ್ಟಾ ತಿರುಗುತ್ತಿದೆಯೇ? ಅವನಿಗೆ ಫೋನು ಮಾಡಿ ಗಾಬರಿಯಿಂದ ಹೇಳಿದೆ.

ಅವನು ತಾಳ್ಮೆಯಿಂದ ವಿವರಿಸಿದ. "ಸಾರ್, ಆ ಮೀಟರಿನ ಸೊನ್ನೆ ಅಂದ್ರೆ ನಮ್ಮ ಸುತ್ತ ಇರೋ ಗಾಳಿ ಒತ್ತಡ. ಗಾಡಿ ನಿಂತಲ್ಲೇ ಓಡ್ತಿರುವಾಗ ಎಂಜಿನ್ ಗಾಳಿ ಎಳ್ಕೊಂತೈತೆ. ಅದಕ್ಕೆ ಮುಳ್ಳು ಕೆಳಗಿರತೈತೆ. ಓಡಿಸಿದ್ರೆ ಮ್ಯಾಲೆ ಬರತೈತೆ."

"ಶಭಾಷ್, ಎಲ್ಲಿ ಕಲಿತೆಯೋ ಇದನ್ನ?" ಅಂದೆ.

"ಗ್ಯಾರೇಜ್ನಾಗೆ ಸಾರ್, ಶಾಲೆಗೆ ಬರೋವಾಗ್ಲೇ ಅಲ್ಲಿ ಕೆಲ್ಸ ಮಾಡ್ತಿದ್ದೆ. ಪರೀಕ್ಷೆನಾಗೆ ಇದನ್ನೇ ಬರೆದಿದ್ದೆ. ನೀವು ಸೊನ್ನೆ ಕೊಟ್ಟಿದ್ರಿ."

ಪಂಚರ್

ಆಮೇಲೆ ಒಂದು ವಾಲ್ವ್ ಹಾಕಿಸಿದೆ. ಹೆಚ್ಚಾದ ಗಾಳಿ ಗೇರು ಬದಲಿಸಿದಾಗಲೆಲ್ಲ ಅದರಿಂದ "ಪುಸ್ಸ್" ಎಂದು ಹೊರಗೆ ಬರುತ್ತದೆ. ಆ ಸದ್ದು ಕೇಳಿ ಜನ ತಿರುಗಿ ನೋಡುತ್ತಾರೆ ಎಂದು ಮೊಬೈಲಿನವನು ಹೇಳಿದ್ದ. ಅದು ನಿಜ.

ಮೊದಲ ದಿನ ಆವರಗೆರೆ ಕಡೆ ಹೋದೆ. ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಸಾರ್, ಗಾಲಿ ಪಂಚರ್ ಆಗೈತೆ," ಅಂದ. ಆಟೋದವನು ಕೈ ಬೀಸಿ ಹಿಂದಿನ ಚಕ್ರ ತೋರಿಸಿದ. ತರಕಾರಿ ಗಾಡಿಯ ಹೆಂಗಸೊಬ್ಬಳು, "ಗಾಳಿ ಹೊಂಟೈತೆ ನೋಡಪ್ಪಾ," ಎಂದು ಕನಿಕರಪಟ್ಟಳು. ಇಷ್ಟು ಜನ ಹೇಳಿದ ಮೇಲೆ ನನಗೂ ಅನುಮಾನ ಬಂತು. ವಾಲ್ವಿನ ಸದ್ದು ಯಾವುದು, ಪಂಚರಿನ ಸದ್ದು ಯಾವುದು ಎಂದು ನನಗಾದರೂ ಹೇಗೆ ಗೊತ್ತಾಗಬೇಕು?

ಪಂಚರ್ ಅಂಗಡಿಯಲ್ಲಿ ನಿಲ್ಲಿಸಿದೆ. ಅಂಗಡಿಯ ಸಾಹೇಬರು ನಾಲ್ಕೂ ಚಕ್ರ ಬಿಚ್ಚಿ ನೀರಿನಲ್ಲಿ ಮುಳುಗಿಸಿ ನೋಡಿದರು. ಒಂದು ಗುಳ್ಳೆಯೂ ಬರಲಿಲ್ಲ. ಕೊನೆಗೆ ನಾಚಿಕೊಂಡು ವಾಲ್ವಿನ ವಿಷಯ ಹೇಳಿದೆ.

ಅವರು ಒದ್ದೆ ಕೈ ಒರೆಸಿಕೊಂಡು ಕೇಳಿದರು. "ಅಂದ್ರೆ ಹೊರಗೆ ಬಿಡೋಕಂತಲೇ ಒಳಗೆ ಗಾಳಿ ತುಂಬಿಸ್ತೀರೇನ್ರಿ?"

ನಾನು ವಿಜ್ಞಾನದ ಮೇಷ್ಟ್ರು ಎಂಬುದನ್ನು ಅವರಿಗೆ ಹೇಳಲಿಲ್ಲ.

ಅವಸರದ ಅಜ್ಜ

ಮೂರನೆಯದು ಇಂಟರ್‌ಕೂಲರ್. ಟರ್ಬೊದಿಂದ ಬರುವ ಕಾದ ಗಾಳಿಯನ್ನು ತಣ್ಣಗೆ ಮಾಡುವ ಜಾಲರಿ ಅದು. ಬಂಪರಿನ ದೊಡ್ಡ ಕಿಂಡಿಯಲ್ಲಿ, ಎದುರುಗಾಳಿ ಬಡಿಯುವಲ್ಲಿ ಕೂರುತ್ತದೆ. ದೊಡ್ಡದು ಹಾಕಿದಷ್ಟೂ ಒಳ್ಳೆಯದಂತೆ. ಮೆಕ್ಯಾನಿಕ್ ಗುಜರಿಯಿಂದ ಒಂದನ್ನು ತಂದ. ಯಾವ ಗಾಡಿಯದು ಎಂದು ಕೇಳಿದೆ. "ಯಾವುದಾದ್ರೇನು ಸಾರ್, ಗಾಳಿಗೇನು ಕುಲಗೋತ್ರ ಐತೇನ್ರಿ?" ಅಂದ.

ಆ ವಾರ ಕುಕ್ಕುವಾಡದ ನೆಂಟರ ಮನೆಯಿಂದ ಹೆಂಡತಿಯ ಜೊತೆ ವಾಪಸು ಬರುತ್ತಿದ್ದೆ. ದಾರಿಯಲ್ಲಿ "ಢಬ್" ಎಂದಿತು. ಇಂಟರ್‌ಕೂಲರಿನ ಪೈಪು ಕಳಚಿತ್ತು. ಎಂಜಿನ್ ಆರಲಿಲ್ಲ, ಆದರೆ ಶಕ್ತಿಯೆಲ್ಲ ಬಸಿದುಹೋಯಿತು. ನಿಲ್ಲಿಸಿದರೆ ಕಾರು ಭಾಮೈದನ ಪಾಲು. ಅದಕ್ಕೇ ಮೊದಲ ಗೇರಿನಲ್ಲಿ ತೆವಳಿಸುತ್ತಾ ಹೊರಟೆ.

"ನಿಂತಿಲ್ಲ ನೋಡು," ಅಂದೆ.

ಅಷ್ಟರಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತಿದ್ದ ಅಜ್ಜನೊಬ್ಬ ಕಿಟಕಿಯ ಪಕ್ಕಕ್ಕೆ ಬಂದ. ನಡೆಯುತ್ತಲೇ, "ಯಾವೂರವ್ವಾ?" ಎಂದು ಕೇಳಿದ. ಹೆಂಡತಿ ಊರು ಹೇಳಿದಳು. ಯಾರ ಮನೆಗೆ ಬಂದಿದ್ದಿರಿ, ಮಕ್ಕಳೆಷ್ಟು, ಮಳೆ ಹೆಂಗೆ ಎಂದು ಒಂದೊಂದೇ ವಿಚಾರಿಸಿದ. ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ಊಟವಾಯಿತೇ ಎಂಬಲ್ಲಿಗೆ ಮಾತು ಬಂದಾಗ ಅಜ್ಜ ಹೊರೆ ಸರಿಮಾಡಿಕೊಂಡ.

"ಬರ್ತೀನವ್ವಾ, ನನಗೆ ಸ್ವಲ್ಪ ಅವಸರ ಐತೆ," ಎಂದವನೇ ನಮ್ಮನ್ನು ದಾಟಿ ಮುಂದೆ ಹೋದ.

ಪೂಜೆಯಾದ ಮೇಲೆ

ಪೈಪು ಬಿಗಿ ಮಾಡಿಸಿ ಬೂಸ್ಟ್ ಏರಿಸಿದ ಮೇಲೆ ಕಾರು ನಿಜವಾಗಿಯೂ ಜೋರಾಯಿತು. ನಾಲ್ಕು ದಿನ ಎಂಥ ಸುಖ! ಐದನೆಯ ದಿನ ಆಯುಧಪೂಜೆ.

ನಮ್ಮವ್ವ ಹೊಸದಾಗಿ ಹಾಕಿಸಿದ್ದು ಯಾವುದೆಂದು ಕೇಳಿದಳು. ಬಂಪರಿನ ಜಾಲರಿ ತೋರಿಸಿದೆ. ಪೂಜೆಯೆಲ್ಲ ಅದಕ್ಕೇ ನಡೆಯಿತು. ಎರಡೂ ಕಡೆ ಬಾಳೆಕಂದು ಕಟ್ಟಿ, ತೋಳುಗಾತ್ರದ ಸೇವಂತಿಗೆ ಹಾರವನ್ನು ಜಾಲರಿಯ ಉದ್ದಕ್ಕೂ ಮೂರು ಸುತ್ತು ಹಾಕಿಸಿದಳು. "ಪೂಜೆ ಮಾಡಿದ ಹೂವ ನಾವಾಗಿ ಕೀಳಬಾರ್ದಪ್ಪ, ತಾನಾಗೇ ಉದುರಬೇಕು," ಅಂದಳು.

ಮರುದಿನದಿಂದ ಕಾರು ಸತ್ತ ಹಾಗಾಯಿತು. ಎಷ್ಟು ಒತ್ತಿದರೂ ಏಳದು, ಮೇಲಾಗಿ ಎಂಜಿನ್ ಕಾಯತೊಡಗಿತು. ಎದುರುಮನೆಯವರು ಪೆಟ್ರೋಲಿನಲ್ಲಿ ಕಲಬೆರಕೆ ಅಂದರು. ಹೆಡ್ಮೇಷ್ಟ್ರು ದೃಷ್ಟಿಯಾಗಿದೆ ಅಂದರು. ಮೆಕ್ಯಾನಿಕ್ ದಿನವೂ ಹಾರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅದು ಜಾರದಂತೆ ಜೋಪಾನವಾಗಿ ಬಾನೆಟ್ ಎತ್ತಿ, ಒಂದೊಂದು ಭಾಗ ಬದಲಿಸಿದ. ಕೊನೆಗೆ ಬೂಸ್ಟನ್ನು ಮೊದಲಿದ್ದಷ್ಟಕ್ಕೇ ಇಳಿಸಿದ. ಆಗಲೂ ಕಾರು ಎಳೆಯಲಿಲ್ಲ. ಗುರು ಶಿಷ್ಯರಿಬ್ಬರಿಗೂ ತಲೆ ಕೆಟ್ಟುಹೋಯಿತು.

"ನಿಲ್ಲೋತನ್ಕ ಕಾಯೋದು ಬ್ಯಾಡ ಬಿಡ್ರಿ," ಅಂದಳು ಹೆಂಡತಿ. ಭಾನುವಾರ ಅವಳೂ ನನ್ನ ಜೊತೆ ಗ್ಯಾರೇಜಿಗೆ ಬಂದಳು, ಅವಳ ತಮ್ಮನೂ ಅಲ್ಲಿಗೇ ಬಂದ. ನನಗೆ ಅಳು ಬರುವಂತಿತ್ತು.

ಮೆಕ್ಯಾನಿಕ್ ಕೊನೆಯ ಸಲ ಏನೋ ಬಿಗಿ ಮಾಡಿ ಕೈ ಚೆಲ್ಲಿದ. ಎಲ್ಲರೂ ಒಳಗೆ ಕೂತು ಚಹಾ ಕುಡಿಯುತ್ತಾ ಮಾರುವ ಮಾತು ಮುಗಿಸಿದರು. ಭಾಮೈದ, "ಒಂದು ರೌಂಡ್ ಹೋಗಿ ಬರ್ತೀನಿ ಭಾವ," ಎಂದು ಕೀಲಿ ತೆಗೆದುಕೊಂಡ.

ಹೊರಗೆ ಬಂದರೆ ಕಾರಿನ ಮುಂದೆ ಒಂದು ಆಕಳು. ನಾವು ಚಹಾ ಕುಡಿಯುವಷ್ಟರಲ್ಲಿ ಅದು ಮೂರು ಸುತ್ತು ಹಾರವನ್ನೂ ಒಂದು ಬಾಳೆಕಂದನ್ನೂ ಪೂರ್ತಿ ತಿಂದಿತ್ತು. ಇನ್ನೊಂದು ಕಂದನ್ನು ಕಿತ್ತುಕೊಂಡು ನೆರಳಿಗೆ ಹೋಗಿ ನಿಂತಿತು.

ಭಾಮೈದ ಕಾರು ಹತ್ತಿ ಹೊರಟ. ಹೊರಟ ರಭಸಕ್ಕೆ ಧೂಳೆದ್ದಿತು. ಸ್ವಲ್ಪ ಹೊತ್ತಿಗೆ ಕಣ್ಣರಳಿಸಿಕೊಂಡು ವಾಪಸು ಬಂದ. "ಏನ್ ಎಳೀತೈತ್ರಿ ಭಾವ! ಏನ್ ಮಾಡಿದ್ರಿ ಇದಕ್ಕೆ?"

ಮೆಕ್ಯಾನಿಕ್ ನನ್ನನ್ನು ನೋಡಿದ. ನಾನು ಬಂಪರನ್ನು ನೋಡಿದೆ. ಖಾಲಿ ಜಾಲರಿಗೆ ಗಾಳಿ ಸೊಗಸಾಗಿ ಬಡಿಯುತ್ತಿತ್ತು. ಗಾಳಿ ಹೋಗುವ ದಾರಿಗೆ ಹೂವು ತುರುಕಿ, ಗಾಳಿ ಎಲ್ಲಿ ಹೋಯಿತೆಂದು ವಾರವಿಡೀ ಹುಡುಕಿದ್ದೆವು.

ಹೆಂಡತಿಗೆ ನಮ್ಮಿಬ್ಬರಿಗಿಂತ ಮೊದಲೇ ಅರ್ಥವಾಗಿತ್ತು. ತಮ್ಮನ ಕೈಯಿಂದ ಕೀಲಿ ಇಸಿದುಕೊಂಡಳು. "ಮಾರೋದಿಲ್ಲಪ್ಪ, ನೀ ಮನೆಗೆ ನಡಿ."

ನಾನು ಸಂತೋಷಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವಳು ಮೆಕ್ಯಾನಿಕ್ ಕಡೆ ತಿರುಗಿದಳು.

"ಇನ್ನೊಂದ್ಸಲ ಇವರು ಗಾಡಿ ತಂದ್ರೆ ನೀವು ಬಾನೆಟ್ ಎತ್ತಬ್ಯಾಡ್ರಿ. ಮೊದಲು ಆ ಆಕಳಿಗೆ ತೋರಿಸ್ರಿ."

"ಆತ್ರಿ ಅಕ್ಕಾರೆ," ಅಂದ ಅವನು, "ದಿನಾ ಈ ಹೊತ್ತಿಗೇ ಬರತೈತೆ."